ಪಾತ್ ದೋಷ ತಿದ್ದುವಾಗ ಹಳೆಯ ಸ್ಕ್ರಿಪ್ಟ್‌ಗಳನ್ನು ಕಾಪಾಡಿಕೊಳ್ಳುವುದು ಹೇಗೆ: ಫೈಲ್ ನಕಲು ತಂತ್ರಾಂಶ ಬರೆಯುವವರಿಗೆ ಸಮಗ್ರ ಮಾರ್ಗದರ್ಶಿ

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯ ನಕ್ಷೆಗಳು, ಇಳಕಲ್ಲಿನ ಸೀರೆ ವ್ಯಾಪಾರಿಯ ಸೆರಗಿನ ವಿನ್ಯಾಸಗಳು, ವಿಜಯಪುರದ ಲೆಕ್ಕಪರಿಶೋಧಕರ ಕಚೇರಿಯ ಕಡತಗಳು. ಇವೆಲ್ಲ ರಾತ್ರಿ ಹೊತ್ತಿನಲ್ಲಿ, ಯಾರ ಕೈಯೂ ತಾಗದೆ, ಒಂದು ಡಿಸ್ಕಿನಿಂದ ಇನ್ನೊಂದು ಡಿಸ್ಕಿಗೆ ನಕಲಾಗುತ್ತಿರುತ್ತವೆ. ಆ ಕೆಲಸ ಮಾಡುವ ನಾಲ್ಕು ಸಾಲಿನ ಸ್ಕ್ರಿಪ್ಟನ್ನು ಯಾರೋ ಎಂದೋ ಬರೆದಿಟ್ಟು ಹೋಗಿರುತ್ತಾರೆ. ಅದು ನಡೆಯುತ್ತಿರುವವರೆಗೆ ಯಾರೂ ಅದನ್ನು ತೆರೆದು ನೋಡುವುದಿಲ್ಲ.

ಅಂಥ ಸ್ಕ್ರಿಪ್ಟ್ ಕರೆಯುವ ನಕಲು ತಂತ್ರಾಂಶ ನಿಮ್ಮದಾಗಿದ್ದು, ಅದರಲ್ಲಿ ಪಾತ್ (ಫೈಲ್ ಅಥವಾ ಫೋಲ್ಡರ್ ಎಲ್ಲಿದೆ ಎಂದು ಹೇಳುವ ವಿಳಾಸ) ಓದುವ ಭಾಗದಲ್ಲಿ ದೋಷ ಕಂಡಿದ್ದರೆ ಈ ಬರಹ ನಿಮಗಾಗಿ. ದೋಷ ತಿದ್ದುವುದು ಬಹುತೇಕ ಒಂದು ಮಧ್ಯಾಹ್ನದ ಕೆಲಸ. ತಿದ್ದಿದ ಮೇಲೂ ಆ ಹಳೆಯ ಸ್ಕ್ರಿಪ್ಟ್ ಅದೇ ಫೈಲುಗಳನ್ನು ಅದೇ ಜಾಗಕ್ಕೆ ತಲುಪಿಸುವಂತೆ ನೋಡಿಕೊಳ್ಳುವುದಕ್ಕೆ ವಾರಗಳೇ ಹಿಡಿಯುತ್ತವೆ, ಹಿಡಿಯಲೂ ಬೇಕು.

ಮೊದಲೇ ಒಂದು ಮಾತು ಸ್ಪಷ್ಟವಾಗಿರಲಿ. ನಕಲು ತಂತ್ರಾಂಶ ದೋಷಸಂದೇಶ ಕೊಟ್ಟು ನಿಂತುಬಿಟ್ಟರೆ ಬೆಳಿಗ್ಗೆ ಯಾರಾದರೂ ಫೋನ್ ಮಾಡುತ್ತಾರೆ, ಸರಿಪಡಿಸಬಹುದು. ‘ಯಶಸ್ವಿಯಾಗಿ ಮುಗಿಯಿತು’ ಎಂದು ಹೇಳಿ ಫೈಲುಗಳನ್ನು ಬೇರೆ ಜಾಗದಲ್ಲಿ ಇಟ್ಟುಬಿಟ್ಟರೆ, ಅದು ತಿಳಿಯುವುದು ಮೂಲ ಡಿಸ್ಕ್ ಕೆಟ್ಟ ದಿನ. ಮುಂದೆ ನಾನು ಹೇಳುವ ಪ್ರತಿ ಹಂತದ ಹಿಂದೆಯೂ ಈ ಒಂದೇ ಭಯ ಇದೆ.

ಹಂತ 1: ಇಂದಿನ ನಡವಳಿಕೆಯನ್ನು, ತಪ್ಪಿದ್ದರೂ, ಇದ್ದಂತೆಯೇ ದಾಖಲಿಸಿ

ಕೋಡ್ ಮುಟ್ಟುವ ಮೊದಲು ತಂತ್ರಾಂಶ ಈಗ ಏನು ಮಾಡುತ್ತಿದೆ ಎಂಬುದನ್ನು ಪರೀಕ್ಷೆಗಳ ರೂಪದಲ್ಲಿ ಬರೆದಿಡಿ. ಕೈಪಿಡಿಯಲ್ಲಿ ಏನು ಬರೆದಿದೆ ಎಂಬುದು ಇಲ್ಲಿ ಮುಖ್ಯವಲ್ಲ. ಬಳಕೆದಾರರು ಕೈಪಿಡಿ ಓದಿ ಸ್ಕ್ರಿಪ್ಟ್ ಬರೆಯುವುದು ಅಪರೂಪ. ಒಮ್ಮೆ ನಡೆಸಿ ನೋಡುತ್ತಾರೆ, ಬೇಕಾದಂತೆ ಬಂದರೆ ಹಾಗೆಯೇ ಬಿಡುತ್ತಾರೆ. ಅವರು ನೆಚ್ಚಿಕೊಂಡಿರುವುದು ಆ ದಿನ ಕಂಡ ಫಲಿತಾಂಶವನ್ನು.

ಪಾತ್‌ನ ಕೊನೆಯ ಸ್ಲ್ಯಾಶ್ ಒಂದನ್ನೇ ತೆಗೆದುಕೊಳ್ಳಿ. ಫೈಲುಗಳನ್ನು ನಕಲಿಸುವ ಆರ್‌ಸಿಂಕ್ ತಂತ್ರಾಂಶದಲ್ಲಿ ಮೂಲವನ್ನು ‘ವಿನ್ಯಾಸ’ ಎಂದು ಕೊಟ್ಟರೆ ಆ ಫೋಲ್ಡರೇ ಗುರಿಯ ಒಳಗೆ ಹೋಗಿ ಕೂರುತ್ತದೆ. ‘ವಿನ್ಯಾಸ/’ ಎಂದು ಕೊಟ್ಟರೆ ಒಳಗಿನ ಫೈಲುಗಳು ಮಾತ್ರ ಹೋಗುತ್ತವೆ. ಲಿನಕ್ಸ್‌ನ ಸಿಪಿ ಆದೇಶಕ್ಕೆ ಫೋಲ್ಡರ್ ನಕಲಿಸುವಾಗ ಮೂಲದ ಕೊನೆಯ ಸ್ಲ್ಯಾಶ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಮ್ಯಾಕ್‌ಓಎಸ್‌ನಲ್ಲಿ ಅದೇ ಹೆಸರಿನ ಆದೇಶ ಸ್ಲ್ಯಾಶ್ ಕಂಡರೆ ಒಳಗಿನವನ್ನು ಮಾತ್ರ ನಕಲಿಸುತ್ತದೆ. ವಿಂಡೋಸ್‌ನ ರೋಬೋಕಾಪಿ ಯಾವಾಗಲೂ ಒಳಗಿನವನ್ನೇ ನಕಲಿಸುತ್ತದೆ. ನಾಲ್ಕೂ ತಮ್ಮ ತಮ್ಮ ಲೆಕ್ಕದಲ್ಲಿ ಸರಿ. ನಿಮ್ಮ ತಂತ್ರಾಂಶ ಐದನೆಯ ರೀತಿಯಲ್ಲಿ ನಡೆಯುತ್ತಿರಬಹುದು, ಮತ್ತು ಆ ಐದನೆಯ ರೀತಿಗೆ ಹೊಂದಿಕೊಂಡ ಸ್ಕ್ರಿಪ್ಟ್‌ಗಳು ಎಲ್ಲೋ ಇವೆ.

ಗುರಿ ಮೊದಲೇ ಇದೆಯೋ ಇಲ್ಲವೋ ಎಂಬುದರಿಂದಲೂ ಫಲಿತಾಂಶ ಬದಲಾಗುತ್ತದೆ. ಲಿನಕ್ಸ್‌ನಲ್ಲಿ ‘ಲೆಕ್ಕ’ ಎಂಬ ಫೋಲ್ಡರನ್ನು ಸಿಪಿ ಆದೇಶದಿಂದ ‘ಬ್ಯಾಕಪ್’ ಎಂಬ, ಇನ್ನೂ ಇಲ್ಲದ, ಗುರಿಗೆ ನಕಲಿಸಿ ನೋಡಿ. ಮೊದಲ ಸಲ ಲೆಕ್ಕದ ಒಳಗಿನ ಫೈಲುಗಳೆಲ್ಲ ‘ಬ್ಯಾಕಪ್’ನ ನೇರ ಒಳಗೆ ಬರುತ್ತವೆ. ಅದೇ ಆದೇಶವನ್ನು ಅಕ್ಷರವೂ ಬದಲಿಸದೆ ಎರಡನೆಯ ಸಲ ಕೊಡಿ: ಈಗ ‘ಬ್ಯಾಕಪ್/ಲೆಕ್ಕ’ ಎಂಬ ಹೊಸ ಫೋಲ್ಡರ್ ಹುಟ್ಟುತ್ತದೆ. ಮೂರನೆಯ ಸಲದಿಂದ ಆ ಒಳಗಿನದೇ ಹೊಸದಾಗುತ್ತಾ ಹೋಗುತ್ತದೆ, ಹೊರಗಿನದು ಮೊದಲ ದಿನದ್ದಾಗಿಯೇ ಉಳಿಯುತ್ತದೆ. ಲಿನಕ್ಸ್‌ನ ಈ ಸಿಪಿಯನ್ನು ರೂಪಿಸುವ ಗ್ನೂ ಯೋಜನೆಯವರು ಇದನ್ನು ‘ತಿದ್ದಲಿಲ್ಲ’. ಗುರಿಯನ್ನು ಯಾವಾಗಲೂ ನಕಲಿನ ಹೆಸರೆಂದೇ ತಿಳಿಯುವ ಇನ್ನೊಂದು ಆಯ್ಕೆಯನ್ನು, ದೊಡ್ಡಕ್ಷರದ ಟಿ, ಪಕ್ಕದಲ್ಲಿ ಕೊಟ್ಟರು. ಹಳೆಯ ನಡವಳಿಕೆ ಅಷ್ಟು ಬೇರು ಬಿಟ್ಟಾಗ ಇದೇ ಸರಿಯಾದ ದಾರಿ.

ಹಾಗಾಗಿ ಒಂದು ಕೋಷ್ಟಕ ಮಾಡಿಕೊಳ್ಳಿ. ಮೂಲದ ಕೊನೆಯಲ್ಲಿ ಸ್ಲ್ಯಾಶ್ ಇದೆ ಅಥವಾ ಇಲ್ಲ. ಗುರಿಯ ಕೊನೆಯಲ್ಲಿ ಇದೆ ಅಥವಾ ಇಲ್ಲ. ಗುರಿಯು ಇಲ್ಲವೇ ಇಲ್ಲ, ಫೋಲ್ಡರ್ ಆಗಿದೆ, ಫೈಲ್ ಆಗಿದೆ, ಅಥವಾ ಇನ್ನೊಂದು ಫೋಲ್ಡರಿಗೆ ದಾರಿ ತೋರಿಸುವ ಕೊಂಡಿ, ಅಂದರೆ ಸಿಂಬಾಲಿಕ್ ಲಿಂಕ್, ಆಗಿದೆ. ಒಟ್ಟು 16 ಸಂದರ್ಭಗಳು. ಪ್ರತಿಯೊಂದನ್ನೂ ಈಗಿನ ಆವೃತ್ತಿಯಲ್ಲಿ ನಡೆಸಿ, ಕೊನೆಗೆ ಯಾವ ಫೈಲ್ ಎಲ್ಲಿ ಕುಳಿತಿತು ಎಂಬ ಪಟ್ಟಿ, ನಿರ್ಗಮನ ಸಂಖ್ಯೆ (ಕೆಲಸ ಮುಗಿದಾಗ ತಂತ್ರಾಂಶ ಹಿಂದಿರುಗಿಸುವ ಅಂಕಿ), ತೆರೆಯ ಮೇಲೆ ಬಂದ ಸಂದೇಶ ಮೂರನ್ನೂ ಉಳಿಸಿಕೊಳ್ಳಿ. ನಿರ್ಗಮನ ಸಂಖ್ಯೆಯನ್ನು ಹಗುರವಾಗಿ ಕಾಣಬೇಡಿ. ರೋಬೋಕಾಪಿ ಫೈಲುಗಳನ್ನು ಸರಿಯಾಗಿ ನಕಲಿಸಿದಾಗ 1 ಕೊಡುತ್ತದೆ, 8 ಮತ್ತು ಮೇಲಿನದು ಮಾತ್ರ ವೈಫಲ್ಯ. ಆರ್‌ಸಿಂಕ್‌ನಲ್ಲಿ 23 ಎಂದರೆ ಭಾಗಶಃ ವರ್ಗಾವಣೆ, 24 ಎಂದರೆ ನಕಲಿನ ನಡುವೆಯೇ ಮೂಲದ ಫೈಲ್ ಮಾಯವಾಗಿದೆ. ಇಂಥ ಸಂಖ್ಯೆಗಳ ಮೇಲೆಯೇ ‘ಆದರೆ ಹೀಗೆ, ಇಲ್ಲದಿದ್ದರೆ ಹಾಗೆ’ ಎಂದು ಬರೆದ ಸ್ಕ್ರಿಪ್ಟ್‌ಗಳು ನಡೆಯುತ್ತಿವೆ.

ಹಂತ 2: ಹೆಸರುಗಳ ಪರೀಕ್ಷೆಗೆ ನಮ್ಮ ತಾಲ್ಲೂಕುಗಳೇ ಸಾಕು

ಪಾತ್ ದೋಷಗಳಲ್ಲಿ ಕೆಲವು ಸ್ಲ್ಯಾಶಿನವಾದರೆ ಇನ್ನು ಕೆಲವು ಹೆಸರಿನವು. ಇಂಗ್ಲಿಷ್ ಹೆಸರುಗಳಿಂದಷ್ಟೇ ಪರೀಕ್ಷಿಸಿದ ತಂತ್ರಾಂಶ ಕನ್ನಡದ ಫೋಲ್ಡರ್ ಎದುರಾದೊಡನೆ ಎಡವುವುದು ಹೊಸದೇನಲ್ಲ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಈ ಮೂರು ಜಿಲ್ಲೆಗಳ ತಾಲ್ಲೂಕುಗಳ ಹೆಸರಿನಲ್ಲಿ ಒಂದೊಂದು ಫೋಲ್ಡರ್ ಮಾಡಿ. ಇದಕ್ಕಿಂತ ಒಳ್ಳೆಯ ಪರೀಕ್ಷಾ ಸಾಮಗ್ರಿ ಹುಡುಕಿದರೂ ಸಿಗುವುದಿಲ್ಲ.

ಕಾರಣ ಇದು. ಯುನಿಕೋಡ್‌ನಲ್ಲಿ ಕನ್ನಡದ ಐದು ಸ್ವರಚಿಹ್ನೆಗಳನ್ನು, ಅಂದರೆ ಈ, ಏ, ಐ, ಒ, ಓ ಎಂಬ ಸ್ವರಗಳ ಚಿಹ್ನೆಗಳನ್ನು, ಎರಡು ರೀತಿಯಲ್ಲಿ ಬರೆಯಬಹುದು: ಇಡಿಯಾಗಿ ಒಂದೇ ಸಂಕೇತವಾಗಿ, ಅಥವಾ ಎರಡು ಮೂರು ಸಂಕೇತಗಳಾಗಿ ಬಿಡಿಸಿ. ತೆರೆಯ ಮೇಲೆ ಎರಡೂ ಒಂದೇ ತೆರನಾಗಿ ಕಾಣುತ್ತವೆ. ‘ಬೆಳಗಾವಿ’, ‘ವಿಜಯಪುರ’ ಎಂಬ ಹೆಸರುಗಳಲ್ಲಿ ಈ ಐದರಲ್ಲಿ ಒಂದೂ ಇಲ್ಲ, ಆದ್ದರಿಂದ ಅವುಗಳಿಂದ ದೋಷ ಎಂದೂ ಕಾಣಿಸಿಕೊಳ್ಳುವುದಿಲ್ಲ. ‘ಬಾಗಲಕೋಟೆ’ಯಲ್ಲಿ ಓಕಾರವಿದೆ. ಇಡಿಯಾಗಿ ಬರೆದರೆ ಆ ಹೆಸರು, ಯುನಿಕೋಡನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ, 24 ಬೈಟ್, ಬಿಡಿಸಿ ಬರೆದರೆ 30 ಬೈಟ್. ಹಳೆಯ ಮ್ಯಾಕ್ ಕಂಪ್ಯೂಟರುಗಳ ಎಚ್‌ಎಫ್‌ಎಸ್ ಪ್ಲಸ್ ಎಂಬ ಫೈಲ್ ವ್ಯವಸ್ಥೆ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. ಲಿನಕ್ಸ್‌ನ ಫೈಲ್ ವ್ಯವಸ್ಥೆಯಾದ ಇಎಕ್ಸ್‌ಟಿ4 ಸಾಮಾನ್ಯವಾಗಿ ಬೈಟುಗಳನ್ನಷ್ಟೇ ನೋಡುತ್ತದೆ. ಹೀಗಾಗಿ ಒಂದೇ ಡಿಸ್ಕಿನಲ್ಲಿ ‘ಬಾಗಲಕೋಟೆ’ ಎಂಬ ಎರಡು ಫೋಲ್ಡರುಗಳು ಅಕ್ಕಪಕ್ಕ ಕುಳಿತಿರಬಹುದು, ಎರಡರಲ್ಲೂ ಅರ್ಧರ್ಧ ಫೈಲುಗಳು ಇರಬಹುದು.

ಗೋಕಾಕ, ಚಿಕ್ಕೋಡಿ, ಮುಧೋಳ ಇದೇ ಗುಂಪಿಗೆ ಸೇರುತ್ತವೆ. ಹುಕ್ಕೇರಿ, ಗುಳೇದಗುಡ್ಡ, ಮುದ್ದೇಬಿಹಾಳಗಳಲ್ಲಿ ಏಕಾರ, ಬೀಳಗಿಯಲ್ಲಿ ಈಕಾರ. ಬೈಲಹೊಂಗಲದಲ್ಲಿ ಐಕಾರ ಒಕಾರ ಎರಡೂ ಇವೆ. ಅಥಣಿ, ಜಮಖಂಡಿ, ಇಂಡಿ, ಸಿಂದಗಿಗಳನ್ನು ಹೋಲಿಕೆಗೆ ಇಟ್ಟುಕೊಳ್ಳಿ. ಅವು ಎಂದೂ ಬದಲಾಗಬಾರದು. ‘ಬಸವನ ಬಾಗೇವಾಡಿ’ಯಂತೂ ಒಂದೇ ಹೆಸರಿನಲ್ಲಿ ಖಾಲಿ ಜಾಗವನ್ನೂ ಏಕಾರವನ್ನೂ ಕೊಡುತ್ತದೆ.

ಇನ್ನೆರಡು ಸಂಗತಿಗಳನ್ನು ಈ ಪಟ್ಟಿಗೆ ಸೇರಿಸಿ. ‘ಸಾಫ್ಟ್‌ವೇರ್’ ಎಂಬಂಥ ಪದಗಳಲ್ಲಿ ಒತ್ತಕ್ಷರ ಮೂಡದಂತೆ ತಡೆಯಲು ಕಣ್ಣಿಗೆ ಕಾಣದ ಒಂದು ಸಂಕೇತ ಬಳಸುತ್ತೇವೆ. ಒಂದೇ ಅಕ್ಷರದ ಬೇರೆ ಬೇರೆ ರೂಪಗಳನ್ನು ಒಂದು ಮಾಡುವ ಯುನಿಕೋಡ್‌ನ ಸಾಮಾನ್ಯೀಕರಣ ಅದನ್ನು ತೆಗೆಯುವುದಿಲ್ಲ, ನೀವೂ ತೆಗೆಯಬಾರದು. ಎರಡನೆಯದು ಉದ್ದ. ಇಎಕ್ಸ್‌ಟಿ4ರಲ್ಲಿ ಒಂದು ಹೆಸರಿಗೆ 255 ಬೈಟುಗಳ ಮಿತಿ. ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು, ಅಂದರೆ 85 ಸಂಕೇತಗಳು. ವಿಂಡೋಸ್‌ನ ಫೈಲ್ ವ್ಯವಸ್ಥೆಯಾದ ಎನ್‌ಟಿಎಫ್‌ಎಸ್‌ನಲ್ಲಿ ಅದೇ ಹೆಸರಿಗೆ 255 ಸಂಕೇತಗಳವರೆಗೆ ಅವಕಾಶವಿದೆ. ವಿಂಡೋಸ್‌ನಲ್ಲಿ ಸುಖವಾಗಿದ್ದ ಉದ್ದ ಹೆಸರಿನ ಕಡತ ಲಿನಕ್ಸ್‌ನ ಬ್ಯಾಕಪ್ ಡಿಸ್ಕಿಗೆ ಹೋಗುವುದೇ ಇಲ್ಲ. ಹಾಗಾದಾಗ ಹೆಸರನ್ನು ಕತ್ತರಿಸಿ ನಕಲಿಸುವ ಆಸೆಗೆ ಬೀಳಬೇಡಿ. ಕತ್ತರಿಸಿದ ಮೇಲೆ ಎರಡು ಕಡತಗಳ ಹೆಸರು ಒಂದೇ ಆದರೆ ಒಂದು ಇನ್ನೊಂದನ್ನು ಅಳಿಸಿಹಾಕುತ್ತದೆ.

ಈ ಹಂತದ ನಿಯಮ ಬಿಗಿಯಾದದ್ದು: ಬರೆಯುವಾಗ ಮೂಲದ ಬೈಟುಗಳನ್ನು ಇದ್ದಂತೆಯೇ ಬರೆಯಿರಿ. ಹೋಲಿಸುವಾಗ ಮಾತ್ರ ಎರಡೂ ರೂಪಗಳನ್ನು ಸಮವೆಂದು ಕಾಣುವ ಆಯ್ಕೆ ಕೊಡಬಹುದು, ಅದೂ ಬಳಕೆದಾರರು ಕೇಳಿದಾಗ. ಹೆಸರಿನ ಸಂಕೇತರೂಪ ಬದಲಿಸುವ ಆಯ್ಕೆಯನ್ನು ಆರ್‌ಸಿಂಕ್ ಕೂಡ ಕೊಡುತ್ತದೆ, ಆದರೆ ತಾನಾಗಿ ಅದನ್ನು ಚಾಲೂ ಮಾಡುವುದಿಲ್ಲ. ಗುರಿಯಲ್ಲಿ ಎರಡೂ ರೂಪಗಳ ಫೋಲ್ಡರ್ ಈಗಾಗಲೇ ಇದ್ದರೆ ಊಹಿಸಲು ಹೋಗದೆ ನಿಂತು, ಎರಡರ ಪೂರ್ತಿ ಪಾತ್ ತೋರಿಸಿ.

ಹಂತ 3: ದೋಷಗಳನ್ನು ಮೂರು ಗುಂಪು ಮಾಡಿ

ಎಲ್ಲ ಪಾತ್ ದೋಷಗಳಿಗೂ ಒಂದೇ ಮದ್ದು ಕೊಡಬಾರದು.

ಮೊದಲ ಗುಂಪು ಭದ್ರತೆಯದು. ‘../’ (ಒಂದು ಮೇಲಿನ ಫೋಲ್ಡರಿಗೆ ಹೋಗು) ಎಂದು ಹೆಸರಿನಲ್ಲಿ ತುರುಕಿ ಗುರಿ ಫೋಲ್ಡರಿನ ಹೊರಗೆ ಬರೆಯಲು ಬಿಡುವುದು, ಸಿಂಬಾಲಿಕ್ ಲಿಂಕ್ ಮೂಲಕ ಹೊರಗೆ ಜಾರುವುದು ಇವೆಲ್ಲ ಇಲ್ಲಿಗೆ ಸೇರುತ್ತವೆ. ಇವನ್ನು ತಕ್ಷಣ ಮುಚ್ಚಿ. ಇಲ್ಲಿ ಹಳೆಯ ಸ್ಕ್ರಿಪ್ಟ್ ಮುರಿದರೂ ಸರಿಯೇ, ಆದರೆ ಮುರಿದದ್ದು ಏಕೆ ಎಂದು ಸಂದೇಶ ಹೇಳಬೇಕು, ದಾರಿಯನ್ನೂ ತೋರಿಸಬೇಕು. ಫೈಲುಗಳನ್ನು ಒಂದೇ ಕಟ್ಟಾಗಿ ಕಟ್ಟುವ ಟಾರ್ ಇದಕ್ಕೆ ಹಳೆಯ ಒಳ್ಳೆಯ ಉದಾಹರಣೆ: ಹೆಸರಿನ ಮೊದಲಲ್ಲಿ ಸ್ಲ್ಯಾಶ್ ಇದ್ದರೆ ಅದನ್ನು ತೆಗೆದು, ತೆಗೆದೆನೆಂದು ಹೇಳಿ, ನಿಜವಾಗಿಯೂ ಬೇಕಾದವರಿಗೆ ದೊಡ್ಡಕ್ಷರದ ಪಿ ಆಯ್ಕೆ ಉಳಿಸಿದೆ.

ದೂರದ ಗಣಕದೊಂದಿಗೆ ಫೈಲ್ ನಕಲಿಸುವ ಎಸ್‌ಸಿಪಿಯ ಕಥೆ ಇನ್ನಷ್ಟು ಕಲಿಸುತ್ತದೆ. ನಾವು ಕೇಳಿದ ಫೈಲಿನ ಬದಲು ದೂರದ ಸರ್ವರ್ ಬೇರೆ ಹೆಸರಿನ ಫೈಲ್ ಕಳುಹಿಸಿದರೂ ಅದು ಒಪ್ಪಿಕೊಂಡುಬಿಡುತ್ತಿತ್ತು. 2019ರ ಏಪ್ರಿಲ್‌ನಲ್ಲಿ ಬಂದ, ಎಸ್‌ಸಿಪಿಯನ್ನು ಒಳಗೊಂಡ ಓಪನ್‌ಎಸ್‌ಎಸ್‌ಎಚ್ 8.0, ಬಂದ ಹೆಸರು ಕೇಳಿದ ಹೆಸರಿಗೆ ಹೊಂದುತ್ತದೆಯೇ ಎಂದು ನೋಡತೊಡಗಿತು. ನಕ್ಷತ್ರ ಚಿಹ್ನೆಯಂಥವನ್ನು ಎರಡೂ ಬದಿಯ ಗಣಕಗಳು ಒಂದೇ ರೀತಿ ಬಿಡಿಸುತ್ತವೆ ಎಂಬ ಭರವಸೆಯಿಲ್ಲ. ಆದ್ದರಿಂದ ಸರಿಯಾದ ಫೈಲುಗಳೂ ತಿರಸ್ಕೃತವಾಗಬಹುದಿತ್ತು. ಅದಕ್ಕಾಗಿ ತಪಾಸಣೆ ನಿಲ್ಲಿಸುವ ಆಯ್ಕೆಯನ್ನೂ ಜೊತೆಗೇ ಕೊಟ್ಟರು. ಮುಂದೆ 2021ರ 8.7ರಲ್ಲಿ ಎಸ್‌ಎಫ್‌ಟಿಪಿ ಎಂಬ ಬೇರೆ ವರ್ಗಾವಣೆ ವಿಧಾನ ಬಳಸುವ ಅವಕಾಶವನ್ನು ಆಯ್ಕೆಯಾಗಿ ತಂದು, 2022ರ ಏಪ್ರಿಲ್‌ನ 9.0ರಲ್ಲಿ ಅದನ್ನೇ ಡೀಫಾಲ್ಟ್ (ಏನೂ ಹೇಳದಿದ್ದಾಗ ನಡೆಯುವ ರೀತಿ) ಮಾಡಿ, ಹಳೆಯ ರೀತಿಗೆ ದೊಡ್ಡಕ್ಷರದ ಓ ಎಂಬ ಬಾಗಿಲನ್ನು ತೆರೆದೇ ಇಟ್ಟರು. ಎರಡು ಬಾರಿ ಉದ್ಧರಣ ಚಿಹ್ನೆ ಹಾಕಿದ್ದ ಹಳೆಯ ಪಾತ್‌ಗಳು ಹೊಸ ರೀತಿಯಲ್ಲಿ ವಿಫಲವಾಗಬಹುದು ಎಂದು ಬಿಡುಗಡೆ ಟಿಪ್ಪಣಿಯಲ್ಲೇ ಬರೆದರು.

ಎರಡನೆಯ ಗುಂಪು ಫೈಲ್ ನಷ್ಟ ಮಾಡಬಲ್ಲ ದೋಷಗಳದು. ಇಲ್ಲಿ ಮೊದಲು ತಡೆದು ನಿಲ್ಲಿಸಿ, ಆಮೇಲೆ ತಿದ್ದಿ. ಮೂರನೆಯ ಗುಂಪಿನವು ಬರಿಯ ಕಿರಿಕಿರಿ: ಎರಡು ಸ್ಲ್ಯಾಶ್ ಬಂದರೆ ವಿಚಿತ್ರ ಸಂದೇಶ, ಗುರಿಯ ಮೇಲಿನ ಫೋಲ್ಡರ್ ಇಲ್ಲದಿದ್ದರೆ ವೈಫಲ್ಯ ಇತ್ಯಾದಿ. ಇವುಗಳಿಗಾಗಿ ಒಬ್ಬರ ಸ್ಕ್ರಿಪ್ಟೂ ಮುರಿಯಬಾರದು. ಗುರಿಯ ಪಾತ್‌ನಲ್ಲಿ ಇಲ್ಲದ ಫೋಲ್ಡರುಗಳನ್ನೆಲ್ಲ ಸೃಷ್ಟಿಸುವ ಸೌಕರ್ಯವನ್ನು ಆರ್‌ಸಿಂಕ್ 2020ರ 3.2.3ರಲ್ಲಿ ಸೇರಿಸಿದ್ದು ಪ್ರತ್ಯೇಕ ಆಯ್ಕೆಯಾಗಿಯೇ. ಹೊರಗಿನ ಡಿಸ್ಕ್ ಜೋಡಿಸದೇ ಇದ್ದಾಗ ‘ಫೋಲ್ಡರ್ ಇಲ್ಲ’ ಎಂಬ ವೈಫಲ್ಯವೇ ಕೆಲವರ ಪಾಲಿಗೆ ರಕ್ಷಣೆ. ಡೀಫಾಲ್ಟಾಗಿ ಸೃಷ್ಟಿಸಿಬಿಟ್ಟರೆ ಇಡೀ ಬ್ಯಾಕಪ್ ಮೂಲ ಡಿಸ್ಕಿನ ಮೇಲೆಯೇ ಸುರಿಯುತ್ತದೆ.

ಹಂತ 4: ಪಾತನ್ನು ಒಂದೇ ಕಡೆ ಓದಿ, ಮೂಲ ಪಠ್ಯವನ್ನು ಕಳೆದುಕೊಳ್ಳಬೇಡಿ

ದೋಷ ಕಂಡ ಸಾಲಿನಲ್ಲೇ ತೇಪೆ ಹಾಕಿದರೆ ಹತ್ತು ಕಡೆ ಹತ್ತು ಅರ್ಥ ಹುಟ್ಟುತ್ತವೆ. ಬಳಕೆದಾರರು ಕೊಟ್ಟ ಪಠ್ಯ, ಹಳೆಯ ನಿಯಮದಂತೆ ಅದರ ಅರ್ಥ, ಹೊಸ ನಿಯಮದಂತೆ ಅದರ ಅರ್ಥ ಈ ಮೂರನ್ನೂ ಒಟ್ಟಿಗೆ ಹೊತ್ತ ಒಂದು ರಚನೆ ಮಾಡಿ. ತಂತ್ರಾಂಶದ ಪ್ರವೇಶದಲ್ಲೇ ಅದನ್ನು ತುಂಬಿ, ಒಳಗಿನ ಕೋಡ್ ಮತ್ತೆ ಪಠ್ಯವನ್ನು ಬಿಡಿಸದಿರಲಿ. ಮುಂದಿನ ಹಂತಗಳೆಲ್ಲ ಈ ರಚನೆಯ ಮೇಲೆ ನಿಂತಿವೆ.

ಹೊಸ ನಿಯಮ ಬರೆಯುವಾಗ ‘ಶುಚಿ ಮಾಡುವ’ ಉತ್ಸಾಹಕ್ಕೆ ಕಡಿವಾಣ ಬೇಕು. ‘ಕಡತ/ಅಥಣಿ/../ಇಂಡಿ’ ಎಂಬುದನ್ನು ಪಠ್ಯದ ಮಟ್ಟದಲ್ಲೇ ‘ಕಡತ/ಇಂಡಿ’ ಮಾಡಿಬಿಡುವುದು ಸರಿಯೆನಿಸುತ್ತದೆ. ‘ಅಥಣಿ’ ಬೇರೆ ಡಿಸ್ಕಿಗೆ ಹೋಗುವ ಸಿಂಬಾಲಿಕ್ ಲಿಂಕ್ ಆಗಿದ್ದರೆ ಆ ಎರಡು ಪಾತ್‌ಗಳು ಬೇರೆ ಬೇರೆ ಜಾಗವನ್ನು ತೋರಿಸುತ್ತವೆ. ಪಾತ್‌ನ ನಡುವಿನ ಎರಡು ಸ್ಲ್ಯಾಶ್‌ಗಳನ್ನು ಒಂದು ಮಾಡಬಹುದು, ಆದರೆ ಮೊದಲಲ್ಲಿ ಸರಿಯಾಗಿ ಎರಡೇ ಸ್ಲ್ಯಾಶ್ ಇದ್ದರೆ ಅದರ ಅರ್ಥವನ್ನು ಪಾಸಿಕ್ಸ್ ಮಾನದಂಡ ಆಯಾ ವ್ಯವಸ್ಥೆಗೇ ಬಿಟ್ಟಿದೆ; ಮೂರು ಅಥವಾ ಹೆಚ್ಚು ಇದ್ದರೆ ಮಾತ್ರ ಒಂದಕ್ಕೆ ಸಮ. ವಿಂಡೋಸ್‌ನಲ್ಲಿ ಮೊದಲಿನ ಎರಡು ಓರೆಗೆರೆಗಳೆಂದರೆ ಜಾಲದ ಇನ್ನೊಂದು ಕಂಪ್ಯೂಟರ್.

ಕೋಲನ್ ಚಿಹ್ನೆಗೂ ಇಷ್ಟೇ ಎಚ್ಚರ ಬೇಕು. ವಿಂಡೋಸ್‌ನಲ್ಲಿ ‘ಡಿ:ಲೆಕ್ಕ’ ಎಂದರೆ ಡಿ ಡ್ರೈವ್‌ನ ಬುಡದಲ್ಲಿರುವ ಲೆಕ್ಕವಲ್ಲ, ಆ ಡ್ರೈವ್‌ನಲ್ಲಿ ಸದ್ಯ ತೆರೆದಿರುವ ಫೋಲ್ಡರಿನ ಒಳಗಿನ ಲೆಕ್ಕ. ಆರ್‌ಸಿಂಕ್‌ಗೆ ಕೋಲನ್ನಿನ ಮೊದಲಿರುವುದು ದೂರದ ಗಣಕದ ಹೆಸರು. ಲಿನಕ್ಸ್‌ನಲ್ಲಿ ‘ಸಭೆ 10:30’ ಎಂಬ ಫೈಲ್ ಹೆಸರು ಸಹಜ. ಎನ್‌ಟಿಎಫ್‌ಎಸ್‌ನಲ್ಲಿ ಅದೇ ಹೆಸರಿನಿಂದ ಬರೆಯಹೋದರೆ ‘ಸಭೆ 10’ ಎಂಬ ಖಾಲಿ ಫೈಲ್ ಕಾಣಿಸಿ, ವಿಷಯವೆಲ್ಲ ಅದರ ಬೆನ್ನಿಗಿರುವ ‘30’ ಎಂಬ ಅಡಗಿದ ಹರಿವಿಗೆ ಹೋಗಬಹುದು. ಫೈಲ್ ನಕಲಾಯಿತೆಂದು ಲಾಗ್ ಹೇಳುತ್ತದೆ, ತೆರೆದರೆ ಏನೂ ಇರುವುದಿಲ್ಲ.

ಗುರಿಯ ಹೊರಗೆ ಜಾರದಂತೆ ತಡೆಯುವ ಕೆಲಸವನ್ನು ಪಠ್ಯ ನೋಡಿ ಮಾಡಬೇಡಿ. ಲಿನಕ್ಸ್ 5.6ರಿಂದ, ಅಂದರೆ 2020ರಿಂದ, ಕೊಟ್ಟ ಫೋಲ್ಡರಿನ ಒಳಗೇ ಇರಬೇಕೆಂಬ ಷರತ್ತಿನ ಮೇಲೆ ಫೈಲ್ ತೆರೆಯುವ ವ್ಯವಸ್ಥಾ ಕರೆ ಕರ್ನಲ್‌ನಲ್ಲೇ ಇದೆ. ಅದು ಸಿಗುವಲ್ಲಿ ಅದನ್ನೇ ಬಳಸಿ.

ಹಂತ 5: ಎರಡೂ ನಿಯಮಗಳನ್ನು ಲೆಕ್ಕ ಹಾಕಿ, ಭಿನ್ನವಾದಾಗ ಮಾತ್ರ ಮಾತನಾಡಿ

ನನ್ನ ದೃಷ್ಟಿಯಲ್ಲಿ ಇಡೀ ಕೆಲಸದ ಜೀವಾಳ ಇದು. ಹೊಸ ಆವೃತ್ತಿಯಲ್ಲಿ ಮೊದಮೊದಲು ನಕಲು ನಡೆಯುವುದು ಹಳೆಯ ನಿಯಮದಂತೆಯೇ. ಆದರೆ ಪ್ರತಿ ಪಾತ್‌ಗೂ ಹೊಸ ನಿಯಮದ ಅರ್ಥವನ್ನೂ ಲೆಕ್ಕ ಹಾಕಿ ಎರಡನ್ನೂ ಹೋಲಿಸಿ. ಒಂದೇ ಆಗಿದ್ದರೆ ಮೌನ. ಬೇರೆಯಾಗಿದ್ದರೆ ಮಾತ್ರ ಎಚ್ಚರಿಕೆ. ‘ಪಾತ್ ನಿಯಮ ಬದಲಾಗಲಿದೆ’ ಎಂದು ಎಲ್ಲರಿಗೂ ಕೂಗಿ ಹೇಳಿದರೆ ಮೂರನೆಯ ದಿನದಿಂದ ಯಾರೂ ಕಿವಿಗೊಡುವುದಿಲ್ಲ. ಬಾಧಿತರಾಗುವವರಿಗಷ್ಟೇ, ಅವರದೇ ಪಾತ್ ತೋರಿಸಿ ಹೇಳಿದರೆ ಓದುತ್ತಾರೆ.

ಸಂದೇಶ ಹೀಗಿರಲಿ: ‘ಗುರಿ: ಬ್ಯಾಕಪ್/ಮುಧೋಳ. ಈ ಆವೃತ್ತಿ ಫೈಲುಗಳನ್ನು ಬ್ಯಾಕಪ್/ಮುಧೋಳ/ಲೆಕ್ಕ ಎಂಬಲ್ಲಿ ಇಡುತ್ತಿದೆ. ಮುಂದಿನ ಪ್ರಮುಖ ಆವೃತ್ತಿ ಬ್ಯಾಕಪ್/ಮುಧೋಳ ಎಂಬಲ್ಲೇ ಇಡುತ್ತದೆ. ಈಗಿನಂತೆಯೇ ಇರಬೇಕಿದ್ದರೆ ಆದೇಶಕ್ಕೆ ಹಳೆ-ಪಾತ್ ಆಯ್ಕೆ ಸೇರಿಸಿ.’ ಏನಾಗುತ್ತಿದೆ, ಏನಾಗಲಿದೆ, ಏನು ಮಾಡಬೇಕು ಎಲ್ಲವೂ ಒಂದೇ ಕಡೆ. ಕನ್ನಡದಲ್ಲೂ ಇರಲಿ; ಬೆಳಿಗ್ಗೆ ಲಾಗ್ ತೆರೆಯುವವರು ಅಂಗಡಿಯ ಲೆಕ್ಕ ಬರೆಯುವವರಾಗಿರಬಹುದು.

ಎಚ್ಚರಿಕೆಯನ್ನು ಎಲ್ಲಿ ಬರೆಯುತ್ತೀರಿ ಎಂಬುದೂ ಹೊಂದಾಣಿಕೆಯ ಪ್ರಶ್ನೆಯೇ. ದೋಷವಾಹಿನಿಯಲ್ಲಿ, ಅಂದರೆ ದೋಷಸಂದೇಶಗಳು ಹೋಗುವ ಪ್ರತ್ಯೇಕ ಹರಿವಿನಲ್ಲಿ, ಒಂದು ಸಾಲು ಬಂದರೂ ವೈಫಲ್ಯವೆಂದು ತಿಳಿಯುವ ಸ್ಕ್ರಿಪ್ಟ್‌ಗಳಿವೆ. ತೆರೆಯ ಮುಂದೆ ಮನುಷ್ಯರಿದ್ದಾಗ ಅಲ್ಲಿ ತೋರಿಸಿ. ನಿಗದಿತ ಹೊತ್ತಿಗೆ ತಾನಾಗಿ ಓಡಿಸುವ ಕ್ರಾನ್ ಅಥವಾ ಟಾಸ್ಕ್ ಶೆಡ್ಯೂಲರ್ ನಡೆಸುತ್ತಿದ್ದರೆ ಲಾಗ್ ಫೈಲಿನಲ್ಲಿ, ಒಂದು ಓಟಕ್ಕೆ ಒಂದೇ ಸಲ ಬರೆಯಿರಿ.

ಹಂತ 6: ಹಿಂದಿರುಗುವ ದಾರಿ ಮೊದಲು, ಹೊಸ ಡೀಫಾಲ್ಟ್ ಆಮೇಲೆ

ಹಳೆಯ ನಡವಳಿಕೆಗೆ ಹೆಸರಿಟ್ಟು ಅದನ್ನು ಆಯ್ಕೆಯಾಗಿ ಬಿಡುಗಡೆ ಮಾಡುವ ಕೆಲಸ ಡೀಫಾಲ್ಟ್ ಬದಲಿಸುವ ಆವೃತ್ತಿಗಿಂತ ಕನಿಷ್ಠ ಒಂದು ಆವೃತ್ತಿ ಮೊದಲೇ ಆಗಬೇಕು. ಆಗ ಬಳಕೆದಾರರು ಇಂದೇ ಆ ಆಯ್ಕೆಯನ್ನು ಸ್ಕ್ರಿಪ್ಟಿಗೆ ಸೇರಿಸಿ ನಿಶ್ಚಿಂತರಾಗಬಹುದು. ಡೀಫಾಲ್ಟ್ ಬದಲಾದ ದಿನವೇ ಆಯ್ಕೆ ಬಂದರೆ, ಹಳೆಯ ಆವೃತ್ತಿ ಇರುವ ಕಂಪ್ಯೂಟರಿನಲ್ಲಿ ಅದೇ ಸ್ಕ್ರಿಪ್ಟ್ ‘ಇಂಥ ಆಯ್ಕೆ ಗೊತ್ತಿಲ್ಲ’ ಎಂದು ಬಿದ್ದುಹೋಗುತ್ತದೆ.

ಆದೇಶದ ಆಯ್ಕೆಯೊಂದೇ ಸಾಲದು, ಆದೇಶದ ಹೊರಗೆ, ವ್ಯವಸ್ಥೆಯಲ್ಲೇ ಇಡುವ ಪರಿಸರ ಚಲಕವೂ ಬೇಕು. 2022ರ ಏಪ್ರಿಲ್‌ನ ಆರ್‌ಸಿಂಕ್ 3.2.4 ಇದನ್ನು ಚೆನ್ನಾಗಿ ತೋರಿಸಿಕೊಟ್ಟಿತು. ಅದಕ್ಕೂ ಮೊದಲು ದೂರದ ಗಣಕದ ‘ಬಸವನ ಬಾಗೇವಾಡಿ’ಯನ್ನು ಕೇಳಿದರೆ ಅಲ್ಲಿನ ಶೆಲ್ (ಆದೇಶಗಳನ್ನು ಓದುವ ತಂತ್ರಾಂಶ) ಅದನ್ನು ‘ಬಸವನ’, ‘ಬಾಗೇವಾಡಿ’ ಎಂಬ ಎರಡು ಹೆಸರುಗಳಾಗಿ ಒಡೆಯುತ್ತಿತ್ತು. ಹೊಸ ಆವೃತ್ತಿ ಖಾಲಿ ಜಾಗವನ್ನು ತಾನೇ ಕಾಪಾಡತೊಡಗಿತು. ಆದರೆ ಒಡೆಯುವ ಗುಣವನ್ನೇ ಬಳಸಿ, ಒಂದೇ ಉದ್ಧರಣದೊಳಗೆ ಎರಡು ಫೈಲುಗಳನ್ನು ಕೇಳುವುದು ಆವರೆಗೆ ರೂಢಿಯಲ್ಲಿತ್ತು. ಆ ಬಳಕೆದಾರರಿಗಾಗಿ ಓಲ್ಡ್-ಆರ್ಗ್ಸ್ ಎಂಬ ಆಯ್ಕೆಯನ್ನೂ, ಅದೇ ಅರ್ಥದ ಪರಿಸರ ಚಲಕವನ್ನೂ ಇಟ್ಟರು. ತಿದ್ದಲು ಬಾರದ, ಬೇರೊಂದು ತಂತ್ರಾಂಶದ ಹೊಟ್ಟೆಯಲ್ಲಿ ಅಡಗಿರುವ ಆದೇಶಗಳನ್ನು ಉಳಿಸುವುದು ಈ ಚಲಕವೇ.

ವಿಂಡೋಸ್ 260 ಅಕ್ಷರಗಳ ಪಾತ್ ಮಿತಿಯನ್ನು ಸಡಿಲಿಸಿದ್ದೂ ಹೀಗೆಯೇ. 2016ರ ವಿಂಡೋಸ್ 10ರ 1607 ಆವೃತ್ತಿಯಲ್ಲಿ ಯಂತ್ರದ ರಿಜಿಸ್ಟ್ರಿಯಲ್ಲಿ ಅನುಮತಿ ಇರಬೇಕು, ತಂತ್ರಾಂಶವೂ ತಾನು ಉದ್ದದ ಪಾತ್ ಬಲ್ಲೆನೆಂದು ತನ್ನ ಮ್ಯಾನಿಫೆಸ್ಟ್‌ನಲ್ಲಿ ಘೋಷಿಸಬೇಕು. ಎರಡೂ ಒಪ್ಪಿದಾಗಲೇ ಹೊಸ ನಿಯಮ. ರೋಬೋಕಾಪಿಯಲ್ಲಿ ತಿರುಗುಮುರುಗು: ಅದು ಉದ್ದದ ಪಾತ್ ಒಪ್ಪುತ್ತದೆ, ಬೇಡವೆನ್ನುವವರಿಗೆ /256 ಎಂಬ ಆಯ್ಕೆ ಇದೆ.

ಹಂತ 7: ಅಳಿಸುವ ಆಯ್ಕೆ ಜೊತೆಗಿದ್ದರೆ ನಿಂತುಬಿಡಿ

ಗುರಿಯನ್ನು ಮೂಲದ ತದ್ರೂಪ ಮಾಡುವ, ಮೂಲದಲ್ಲಿಲ್ಲದ್ದನ್ನು ಗುರಿಯಿಂದ ಅಳಿಸುವ ಆಯ್ಕೆ ನಿಮ್ಮ ತಂತ್ರಾಂಶದಲ್ಲಿದ್ದರೆ ಈ ಹಂತವನ್ನು ಎರಡು ಸಲ ಓದಿ.

ಇಳಕಲ್ಲಿನ ಸೀರೆ ವ್ಯಾಪಾರಿಯೊಬ್ಬರ ಹೊರಗಿನ ಡಿಸ್ಕಿನಲ್ಲಿ ‘ಬ್ಯಾಕಪ್’ ಫೋಲ್ಡರ್ ಇದೆ ಎನ್ನಿ. ಅದರೊಳಗೆ ವಿನ್ಯಾಸ, ಲೆಕ್ಕ, ಗ್ರಾಹಕರು ಎಂಬ ಮೂರು ಫೋಲ್ಡರುಗಳು. ರಾತ್ರಿಯ ಸ್ಕ್ರಿಪ್ಟ್ ‘ವಿನ್ಯಾಸ’ವನ್ನು ಸ್ಲ್ಯಾಶ್ ಇಲ್ಲದೆ, ಅಳಿಸುವ ಆಯ್ಕೆಯೊಂದಿಗೆ ‘ಬ್ಯಾಕಪ್’ಗೆ ಕಳುಹಿಸುತ್ತದೆ. ಹಳೆಯ ನಿಯಮದಲ್ಲಿ ಅಳಿಸುವಿಕೆ ‘ಬ್ಯಾಕಪ್/ವಿನ್ಯಾಸ’ದ ಒಳಗೆ ಮಾತ್ರ. ಈಗ ನೀವು ‘ಸ್ಲ್ಯಾಶ್ ಇದ್ದರೂ ಇಲ್ಲದಿದ್ದರೂ ಒಳಗಿನವೇ ಹೋಗಲಿ’ ಎಂದು ತಿದ್ದಿದಿರಿ. ಆ ರಾತ್ರಿ ವಿನ್ಯಾಸದ ಫೈಲುಗಳು ‘ಬ್ಯಾಕಪ್’ನ ನೇರ ಒಳಗೆ ಬರುತ್ತವೆ, ಮೂಲದಲ್ಲಿ ‘ಲೆಕ್ಕ’ವಾಗಲಿ ‘ಗ್ರಾಹಕರು’ ಆಗಲಿ ಇಲ್ಲವಾದ್ದರಿಂದ ಎರಡೂ ಅಳಿಸಿಹೋಗುತ್ತವೆ. ನಿರ್ಗಮನ ಸಂಖ್ಯೆ ಸೊನ್ನೆ. ಸುಳ್ಳೂ ಅಲ್ಲ, ಕೊಟ್ಟ ಆದೇಶವನ್ನು ತಂತ್ರಾಂಶ ಪೂರೈಸಿದೆ.

ಆದ್ದರಿಂದ ನಿಯಮ ಹೀಗೆ: ಅಳಿಸುವ ಆಯ್ಕೆ ಇದ್ದು, ಎರಡು ನಿಯಮಗಳ ಅರ್ಥ ಬೇರೆಯಾಗಿದ್ದು, ಬಳಕೆದಾರರು ಯಾವ ನಿಯಮವೆಂದು ಸ್ಪಷ್ಟವಾಗಿ ಹೇಳಿಲ್ಲದಿದ್ದರೆ, ಹೊಸ ಡೀಫಾಲ್ಟ್ ಬಂದ ಆವೃತ್ತಿಯಲ್ಲಿ ಒಂದು ಫೈಲನ್ನೂ ಮುಟ್ಟದೆ ನಿಲ್ಲಿ. ಇದಕ್ಕೆ ಈವರೆಗೆ ಬಳಸದ ಹೊಸ ನಿರ್ಗಮನ ಸಂಖ್ಯೆ ಕೊಡಿ, ಹಳೆಯ ಸಂಖ್ಯೆಯೊಂದಕ್ಕೆ ಹೊಸ ಅರ್ಥ ಹೊರಿಸಬೇಡಿ. ಒಂದು ರಾತ್ರಿಯ ಬ್ಯಾಕಪ್ ತಪ್ಪುತ್ತದೆ, ನಿಜ. ವರ್ಷಗಳ ಲೆಕ್ಕ ಅಳಿಯುವುದರ ಮುಂದೆ ಅದನ್ನು ನಷ್ಟವೆಂದೇ ಎಣಿಸಬಾರದು.

ಹಂತ 8: ಹಳೆಯ ದಾಖಲೆಗಳು, ಹಳೆಯ ಇನ್ನೊಂದು ತುದಿ

ಹಿಂದಿನ ಓಟದಲ್ಲಿ ಏನೇನು ನಕಲಾಗಿತ್ತು ಎಂಬ ಪಟ್ಟಿಯನ್ನು ನಿಮ್ಮ ತಂತ್ರಾಂಶ ಇಟ್ಟುಕೊಳ್ಳುತ್ತಿದ್ದರೆ, ಆ ಪಟ್ಟಿಯ ಕೀಲಿ ಪಾತ್ ಆಗಿರುತ್ತದೆ. ಹೊಸ ನಿಯಮದಿಂದ ಕೀಲಿಯ ರೂಪ ಒಂದು ಬೈಟ್ ಬದಲಾದರೂ ಪ್ರತಿ ಫೈಲೂ ಹೊಸದೆಂದು ತೋರಿ, ಇಡೀ ಸಂಗ್ರಹ ಮತ್ತೆ ನಕಲಾಗುತ್ತದೆ. ಮೊಬೈಲ್ ಡೇಟಾದಲ್ಲಿ ನಡೆಯುವ ಶಾಖಾ ಕಚೇರಿಗೆ ಅದು ದಿನಗಟ್ಟಲೆಯ ಮಾತು. ಹಳೆಯ ಕೀಲಿಯನ್ನು ಹಾಗೆಯೇ ಬಿಟ್ಟು ಹೊಸ ರೂಪಕ್ಕೆ ಪ್ರತ್ಯೇಕ ಅಂಕಣ ಸೇರಿಸಿ. ಹೊಸ ಆವೃತ್ತಿ ಬರೆದ ಪಟ್ಟಿಯನ್ನು ಹಳೆಯ ಆವೃತ್ತಿ ಓದಲು ಬರುವಂತಿರಲಿ. ಇಲ್ಲದಿದ್ದರೆ ಹೊಸದರಲ್ಲಿ ತೊಂದರೆ ಕಂಡಾಗ ಹಿಂದಿರುಗಲು ಆಗುವುದಿಲ್ಲ.

ಎರಡು ತುದಿಗಳ ನಡುವೆ ಕೆಲಸ ಮಾಡುವ ತಂತ್ರಾಂಶವಾದರೆ ಬೆಳಗಾವಿಯ ಪ್ರಧಾನ ಕಚೇರಿ ಹೊಸ ಆವೃತ್ತಿಗೆ ಹೋದ ಎಷ್ಟೋ ತಿಂಗಳ ಮೇಲೂ ವಿಜಯಪುರದ ಶಾಖೆ ಹಳೆಯದರಲ್ಲೇ ಇರುತ್ತದೆ. ಸಂಪರ್ಕವಾದೊಡನೆ ಎರಡೂ ತಮಗೆ ಗೊತ್ತಿರುವ ನಿಯಮದ ಸಂಖ್ಯೆ ಹೇಳಿಕೊಳ್ಳಲಿ, ಇಬ್ಬರಿಗೂ ಗೊತ್ತಿರುವುದರಲ್ಲಿ ನಡೆಯಲಿ. ಭದ್ರತೆಯ ತಪಾಸಣೆಗೆ ಮಾತ್ರ ಈ ರಿಯಾಯಿತಿ ಇಲ್ಲ: ಎದುರಿನ ತುದಿ ಎಷ್ಟೇ ಹಳೆಯದಾಗಿರಲಿ, ಫೈಲ್ ಸ್ವೀಕರಿಸುವ ತುದಿ ತನ್ನ ತಪಾಸಣೆಯನ್ನು ತಾನು ಮಾಡಬೇಕು.

ಹಂತ 9: ಬಿಡುಗಡೆ

ಪ್ರಮುಖ ಆವೃತ್ತಿ ಸಂಖ್ಯೆ ಬದಲಿಸದೆ ಡೀಫಾಲ್ಟ್ ಬದಲಿಸಬೇಡಿ. ಭದ್ರತಾ ತಿದ್ದುಪಡಿಯನ್ನು ಬೇರೆ ಬದಲಾವಣೆಗಳೊಂದಿಗೆ ಕಟ್ಟಿ ಕಳುಹಿಸಬೇಡಿ; ಹಾಗೆ ಮಾಡಿದರೆ ಹೊಸ ಪಾತ್ ನಿಯಮಕ್ಕೆ ಹೆದರಿದವರು ಭದ್ರತೆಯನ್ನೂ ಮುಂದೂಡುತ್ತಾರೆ. ಹಳೆಯ ಸರಣಿಗೂ ಅದನ್ನು ಪ್ರತ್ಯೇಕವಾಗಿ ಕೊಡಿ. ಬಿಡುಗಡೆ ಟಿಪ್ಪಣಿಯಲ್ಲಿ ಮೊದಲು ಬರಬೇಕಾದ್ದು ಹೊಸ ಸೌಲಭ್ಯಗಳಲ್ಲ, ಫಲಿತಾಂಶ ಬದಲಾಗುವ ಆದೇಶಗಳ ಉದಾಹರಣೆಗಳು.

ಸಮಯವನ್ನೂ ನೋಡಿ ಆರಿಸಿ. ಬೆಳಗಾವಿ, ಬಾಗಲಕೋಟೆ ಭಾಗದ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬು ನುರಿಸುವ ಹಂಗಾಮು ನಡೆಯುವಾಗ, ಮಾರ್ಚ್‌ನಲ್ಲಿ ಲೆಕ್ಕದ ವರ್ಷ ಮುಗಿಯುವಾಗ ಡೀಫಾಲ್ಟ್ ಬದಲಿಸುವ ಆವೃತ್ತಿಯನ್ನು ಕಳುಹಿಸುವುದು ಬಳಕೆದಾರರ ಮೇಲೆ ಅನ್ಯಾಯ. ಮಳೆಗಾಲದ ನಡುವಿನ ತಿಂಗಳುಗಳು ಹೆಚ್ಚು ಅನುಕೂಲ. ಬಿಡುಗಡೆಯ ಮೊದಲು ಹಂತ 1ರ 16 ಸಂದರ್ಭಗಳನ್ನೂ ಹಂತ 2ರ ತಾಲ್ಲೂಕು ಫೋಲ್ಡರುಗಳನ್ನೂ ಹಳೆ-ಪಾತ್ ಆಯ್ಕೆಯೊಂದಿಗೆ ನಡೆಸಿ. ಫಲಿತಾಂಶ ಮೊದಲು ದಾಖಲಿಸಿದ್ದಕ್ಕೆ ಬೈಟ್ ಬೈಟ್ ಹೊಂದಬೇಕು. ಭದ್ರತೆಗಾಗಿ ಬೇಕೆಂದೇ ಬದಲಿಸಿದವು ಮಾತ್ರ ಇದಕ್ಕೆ ಹೊರತು, ಆ ಪಟ್ಟಿ ಟಿಪ್ಪಣಿಯಲ್ಲಿ ಪೂರ್ತಿಯಾಗಿ ಇರಬೇಕು.

ಹಳೆ-ಪಾತ್ ಆಯ್ಕೆಯನ್ನು ಯಾವಾಗ ತೆಗೆಯಬೇಕು ಎಂದು ಕೇಳುವವರಿದ್ದಾರೆ. ಹಂತ 4ರಂತೆ ಪಾತನ್ನು ಒಂದೇ ಕಡೆ ಓದುತ್ತಿದ್ದರೆ ಹಳೆಯ ನಿಯಮ ಒಂದು ಸಣ್ಣ ಫಂಕ್ಷನ್ ಮಾತ್ರ, ಅದನ್ನು ಇಟ್ಟುಕೊಳ್ಳುವ ಖರ್ಚು ಹೆಚ್ಚೇನಿಲ್ಲ. ಭದ್ರತೆಗೆ ಅಡ್ಡ ಬಾರದಿರುವವರೆಗೆ ಅದನ್ನು ತೆಗೆಯಬೇಡಿ, ಅದರ ಪರೀಕ್ಷೆಗಳನ್ನೂ ಪ್ರತಿ ಬಿಡುಗಡೆಯಲ್ಲಿ ನಡೆಸುತ್ತಿರಿ.